ಮಾದರಿ ಒದಗಿಸಿದವಳು

ಆ ಲೇಖನವನ್ನು ನಾನು ಮೊದಲು ಓದಿದ್ದು ಬಸ್ಸಿನಲ್ಲಿ. ಪರದೇಶದಲ್ಲಿ ನಮ್ಮ ಮನೆಯಿದ್ದ ಓವರ್‌ಲೇಕ್ ಬಡಾವಣೆಯಲ್ಲಿ ಹತ್ತಿ, ತೇಲುಸೇತುವೆಯ ಮೇಲೆ ಸರೋವರ ದಾಟಿ ಯೂನಿವರ್ಸಿಟಿಗೆ ಹೋಗುವ ಬೆಳಗಿನ ಬಸ್ಸು. ನಮ್ಮ ಲ್ಯಾಬಿನ ಕೆಲಸ ದೊಡ್ಡ ಪತ್ರಿಕೆಯೊಂದರಲ್ಲಿ ಬಂದಿದೆ ಎಂದು ಹಿಂದಿನ ದಿನ ಯಾರೋ ಹೇಳಿದ್ದರು. ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದೆ. ಮೊದಲ ಪುಟದಲ್ಲಿ ಮೂರು ಹೆಸರುಗಳಿದ್ದವು. ನನ್ನದು ಇರಲಿಲ್ಲ. ಕಣ್ತಪ್ಪಿರಬೇಕೆಂದು ಮತ್ತೊಮ್ಮೆ ನೋಡಿದೆ. ಪುಟ ತಿರುಗಿಸುತ್ತ ಹೋದಾಗ ಕೊನೆಯಲ್ಲಿ, ಅನುದಾನ ಕೊಟ್ಟವರಿಗೂ ಯಂತ್ರ ಬಳಸಲು ಬಿಟ್ಟವರಿಗೂ ವಂದನೆ ಹೇಳಿ ಮುಗಿಸಿದ ಮೇಲೆ, ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಸಿಕ್ಕಿತು. 'ಮಾದರಿಗಳನ್ನು ಒದಗಿಸಿದ್ದಕ್ಕಾಗಿ' ನನಗೆ ಕೃತಜ್ಞತೆ ಸಲ್ಲಿಸಿದ್ದರು.

ಆ ಮಾದರಿಗಳೇನೆಂದು ಹೇಳಬೇಕು. ಹೊಸ ಶತಮಾನದ ಮೊದಲ ವರ್ಷಗಳವು. ಸಿಲಿಕಾನಿನ ಕಾಲ ಮುಗಿಯುತ್ತ ಬಂತು, ಮುಂದಿನ ಕಂಪ್ಯೂಟರುಗಳನ್ನು ಅಣುಗಳಿಂದಲೇ ಕಟ್ಟುತ್ತಾರೆ ಎಂದು ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಎಲ್ಲರೂ ನಂಬಿದ್ದರು. ಕಂಪ್ಯೂಟರಿಗೆ ತಂತಿ ಬೇಕಲ್ಲ, ಒಂದೇ ಒಂದು ಅಣುವನ್ನು ಉದ್ದಕ್ಕೆ ಬೆಳೆಸಿ ಅದನ್ನೇ ತಂತಿಯಾಗಿ ಮಾಡುವುದು ನನ್ನ ಪಿಎಚ್‌ಡಿ ವಿಷಯ. ಇಂಗಾಲದ ಉಂಗುರಗಳನ್ನು ಒಂದರ ಪಕ್ಕ ಒಂದು ಬೆಸೆಯುತ್ತ ಹೋಗಬೇಕು. ಎರಡು ತುದಿಗೂ ಗಂಧಕ ಸೇರಿಸಬೇಕು, ಚಿನ್ನದ ಹಾಳೆಯ ಮೇಲೆ ಕಚ್ಚಿಕೊಂಡು ನಿಲ್ಲಲಿ ಎಂದು. ಮೂರು ಉಂಗುರದ ತಂತಿಯಿಂದ ಏಳು ಉಂಗುರದ ತಂತಿಯವರೆಗೆ ಐದು ಬೇರೆ ಬೇರೆ ಉದ್ದಗಳು ನನಗೆ ಬೇಕಿದ್ದವು. ಏಳರದ್ದಕ್ಕೆ ಹನ್ನೊಂದು ಹಂತ. ಒಂಬತ್ತನೆಯದರಲ್ಲಿ ಸ್ವಲ್ಪ ಗಾಳಿ ತಗುಲಿದರೂ ಫ್ಲಾಸ್ಕಿನಲ್ಲಿದ್ದದ್ದು ಕಂದು ಬಣ್ಣಕ್ಕೆ ತಿರುಗಿ, ಮತ್ತೆ ಮೊದಲಿನಿಂದ ಶುರು. ಮೂರು ವರ್ಷವಾದ ಮೇಲೆ ಐದು ಪುಟ್ಟ ಶೀಸೆಗಳ ತಳದಲ್ಲಿ ಚಿಟಿಕೆ ಚಿಟಿಕೆ ಪುಡಿ ಕೂತಿತು.

ನನ್ನ ಗಂಡ ಓವರ್‌ಲೇಕ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅವನ ಜೊತೆಯವರು ಮನೆಗೆ ಬಂದಾಗ "ಇವಳು ವೈರ್ ಮಾಡ್ತಾಳೆ, ಆದ್ರೆ ನಮ್ಮನೆ ಟೇಬಲ್ ಲ್ಯಾಂಪ್ ರಿಪೇರಿ ಮಾಡೋಕ್ ಬರಲ್ಲ" ಎಂದು ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಆಗ ನಗುವುದು ಸುಲಭವಿತ್ತು.

ನನ್ನ ಮೂರನೇ ವರ್ಷದಲ್ಲಿ ಮೈಸೂರಿನವರೊಬ್ಬರು ಪಿಎಚ್‌ಡಿ ಮುಗಿಸಿ ನಮ್ಮ ಲ್ಯಾಬಿಗೆ ಪೋಸ್ಟ್‌ಡಾಕ್ ಸಂಶೋಧಕರಾಗಿ ಬಂದರು. ಮೊದಲ ದಿನವೇ ನನ್ನ ಬೆಂಚಿನ ಬಳಿ ನಿಂತು "ನೀವು ಹಾಸನದ ಕಡೆಯವರಂತೆ, ಹೌದಾ?" ಎಂದರು. ಎರಡು ವರ್ಷದಿಂದ ಆ ಕಟ್ಟಡದಲ್ಲಿ ಕನ್ನಡ ಕೇಳದಿದ್ದವಳು ಕೈಲಿದ್ದ ಫ್ಲಾಸ್ಕನ್ನು ಕೆಳಗಿಟ್ಟು ಮಾತಿಗೆ ನಿಂತೆ. ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಹತ್ತಿರದ ಊರಾದ ಬಾಥೆಲ್‌ನಲ್ಲಿ ಮನೆ ಮಾಡಿದ್ದರು. ನನ್ನನ್ನು 'ಸಿಸ್ಟರ್' ಎನ್ನುತ್ತಿದ್ದರು. ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಅವರೆಲ್ಲರ ಊಟ. ನನ್ನ ಬಿಸಿಬೇಳೆಬಾತಿಗೆ ಅವರು ಮೂರನೇ ಸಲ ತಟ್ಟೆ ಮುಂದೆ ಮಾಡುತ್ತಿದ್ದರು.

ಅಣುತಂತಿಯಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ಅಳೆಯುವುದು ಅವರ ಕೆಲಸ. ನನ್ನ ಐದು ಶೀಸೆ ಸಿದ್ಧವಾಗುತ್ತಲೇ ಬಂದು ಕೇಳಿದರು.

"ಇನ್ನೊಂದು ಸಲ ಪ್ಯೂರಿಫೈ ಮಾಡ್ಬೇಕು. ಬಣ್ಣ ನೋಡಿ, ಸ್ವಲ್ಪ ಕಂದು ಇದೆ. ಹತ್ತು ದಿನ ಕೊಡಿ," ಎಂದೆ.

"ಹತ್ತು ದಿನ ಆಗಲ್ಲ ಸಿಸ್ಟರ್. ಯಂತ್ರ ಈ ವಾರ ಮಾತ್ರ ಸಿಗತ್ತೆ. ಇಷ್ಟು ಸಾಕು, ಕೊಡಿ."

ಕೊಟ್ಟೆ. ಕೊಟ್ಟ ದಿನ ನನ್ನ ನೋಟ್‌ಬುಕ್ಕಿನಲ್ಲಿ, ಮಾದರಿ ಇನ್ನೂ ಶುದ್ಧವಾಗಿಲ್ಲ, ಹಾಗೆಂದು ತಿಳಿಸಿ ಕೊಟ್ಟಿದ್ದೇನೆ ಎಂದು ಬರೆದೆ. ಸೇಡಿನ ಯೋಚನೆ ಆಗ ಇರಲಿಲ್ಲ. ಎಲ್ಲವನ್ನೂ ಬರೆದಿಡು ಎಂದು ನಮಗೆ ಕಲಿಸಿದ್ದರು, ಬರೆದಿಟ್ಟೆ, ಅಷ್ಟೆ.

ಬಂದ ಫಲಿತಾಂಶ ನೋಡಿ ಇಡೀ ವಿಭಾಗ ಬೆರಗಾಯಿತು. ತಂತಿ ಉದ್ದವಾದಂತೆ ವಿದ್ಯುತ್ ಕಡಿಮೆಯಾಗಬೇಕು. ಇಲ್ಲಿ ಏಳು ಉಂಗುರದ ತಂತಿಯಲ್ಲೂ ಮೂರರದ್ದರಷ್ಟೇ ಹರಿಯುತ್ತಿತ್ತು. ಹಾಗೆ ಹರಿಯುವ ಅಣು ಸಿಕ್ಕಿದ್ದರೆ ಅದು ನಿಜಕ್ಕೂ ದೊಡ್ಡ ಸುದ್ದಿ. ಸುದ್ದಿ ಆಯಿತು. ಆ ಲೇಖನವೇ ನಾನು ಬಸ್ಸಿನಲ್ಲಿ ಓದಿದ್ದು.

ಬಸ್ಸಿಳಿದು ನೇರ ನಮ್ಮ ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರ್ ಕೋಣೆಗೆ ಹೋದೆ. ಅವರು ಬಿಳಿ ಗಡ್ಡದ, ಮೆದು ಮಾತಿನ ಮನುಷ್ಯ. "ತಯಾರಿಕೆಯ ಬಗ್ಗೆ ನಿನ್ನದೇ ಪ್ರತ್ಯೇಕ ಲೇಖನ ಬರುತ್ತದಲ್ಲ," ಎಂದರು. "ಇದು ಅಳತೆಯ ಲೇಖನ. ನಿನ್ನ ಕೈ ಬಹಳ ಚೆನ್ನಾಗಿದೆ, ಎಲ್ಲರಿಗೂ ಗೊತ್ತು." ಇಂಗ್ಲಿಷಿನಲ್ಲಿ ಅದು ಹೊಗಳಿಕೆಯ ಹಾಗೇ ಕೇಳಿಸಿತು.

ಮೈಸೂರಿನವರನ್ನು ಕಾಫಿ ಮಷೀನಿನ ಬಳಿ ಹಿಡಿದೆ.

"ನನ್ನ ಹೆಸರು ಯಾಕಿಲ್ಲ?"

"ಇದೆಯಲ್ಲ ಸಿಸ್ಟರ್, ಕೊನೇಲಿ."

"ಕೊನೇಲಿ ಅಲ್ಲ. ಮೇಲೆ."

ಅವರು ಸಕ್ಕರೆ ಹಾಕಿ ಕಲಕಿದರು. "ತಪ್ಪು ತಿಳ್ಕೋಬೇಡಿ. ಅಡುಗೆ ಮಾಡಿದೋರ ಹೆಸರನ್ನ ಹೋಟೆಲ್ ಬೋರ್ಡ್ ಮೇಲೆ ಬರೆಯಲ್ಲ ಅಲ್ವಾ? ಈ ಫೀಲ್ಡ್ ಹಾಗೇನೇ."

ಅವತ್ತಿನಿಂದ ಮನಸ್ಸಿನಲ್ಲಿ 'ಅವರು' ಹೋಗಿ 'ಅವನು' ಆಯಿತು. ಬಾಯಲ್ಲಿ ಮಾತ್ರ ಬಹುವಚನ ಉಳಿಸಿಕೊಂಡೆ.

ಸೇಡು ನನಗೆ ಹೊಸತೇನಲ್ಲ. ನಮ್ಮಮ್ಮ ಹಾಸನದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮದುವೆಯೊಂದರಲ್ಲಿ ನಾದಿನಿ ಆಡಿದ ಒಂದೇ ಮಾತಿಗೆ ಹನ್ನೊಂದು ವರ್ಷ ಆಕೆಯೊಂದಿಗೆ ಮಾತು ಬಿಟ್ಟವಳು. ಫೋನಿನಲ್ಲಿ ಎಲ್ಲ ಹೇಳಿದಾಗ ಅಮ್ಮ, "ಹೋಗ್ಲಿ ಬಿಡು ಅಂತ ನಾನು ಹೇಳಲ್ಲ ಕಣೇ. ನಂಗೆ ಆ ಮಾತು ಬರಲ್ಲ" ಎಂದಳು.

ಮೊದಮೊದಲು ನನ್ನ ಸೇಡು ಸಣ್ಣದಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ಭಾನುವಾರದ ಊಟ ನಿಲ್ಲಿಸಿದೆ. ನೀರಿನ ಪಸೆಯೂ ಇಲ್ಲದ ಹಾಗೆ ದ್ರಾವಕ ಒಣಗಿಸುವುದು ನಮ್ಮ ಲ್ಯಾಬಿನಲ್ಲಿ ನನಗೊಬ್ಬಳಿಗೇ ಸರಿಯಾಗಿ ಬರುತ್ತಿತ್ತು. ಅವನು ಕೇಳಿದಾಗಲೆಲ್ಲ ಖಾಲಿಯಾಗಿದೆ ಎಂದೆ. ಒಳ್ಳೆಯ ಸಿರಿಂಜುಗಳನ್ನು ನನ್ನ ಡ್ರಾಯರಿನಲ್ಲಿ ಟಿಶ್ಯೂ ಪೇಪರಿನ ಕೆಳಗಿಟ್ಟೆ. ಅವನು ಮೂತಿ ಮುರಿದ ಸಿರಿಂಜು ಹಿಡಿದು ಪರದಾಡುವುದನ್ನು ನೋಡಿ ಸಂತೋಷಪಟ್ಟೆ. ಆ ಸಂತೋಷ ಮಧ್ಯಾಹ್ನದವರೆಗೂ ಬಾಳುತ್ತಿರಲಿಲ್ಲ.

ಬಾಥೆಲ್ ದೇವಸ್ಥಾನದಲ್ಲಿ ಯುಗಾದಿಯ ದಿನ ಅವನ ಸುತ್ತ ಜನ. ಯಾವುದೋ ಪತ್ರಿಕೆಯಲ್ಲಿ ಅವನ ಫೋಟೋ ಬಂದಿತ್ತಂತೆ. ಬೆಂಗಳೂರಿನ ಇಂಜಿನಿಯರುಗಳು ಒಬ್ಬೊಬ್ಬರಾಗಿ ಕೈ ಕುಲುಕುತ್ತಿದ್ದರು. ನನ್ನನ್ನು ಕಂಡವನೇ ದೊಡ್ಡ ಮನಸ್ಸಿನವನ ಹಾಗೆ ಕರೆದ. "ಇವರು ನಮ್ಮ ಲ್ಯಾಬಲ್ಲೇ ಇರೋದು. ನಂಗೆ ತುಂಬಾ ಹೆಲ್ಪ್ ಮಾಡಿದಾರೆ." ಸುತ್ತಲಿದ್ದವರು ನನ್ನತ್ತ ತಿರುಗಿ ನಕ್ಕರು. ನಾನೂ ನಕ್ಕು, ಬೇವುಬೆಲ್ಲ ತೆಗೆದುಕೊಂಡು, ಪಾರ್ಕಿಂಗಿನಲ್ಲಿದ್ದ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡೆ. ಗಂಡ ಬಂದು ಸ್ಟೀರಿಂಗ್ ಹಿಡಿದ. "ಅಳ್ತಿದೀಯಾ?" ಎಂದ. "ಇಲ್ಲ, ಯೋಚ್ನೆ ಮಾಡ್ತಿದೀನಿ" ಎಂದೆ. ಅದು ನಿಜ.

ಮಾರನೇ ವರ್ಷ ಪ್ರಬಂಧ ಬರೆಯುವ ಸಮಯಕ್ಕೆ ಐದೂ ತಂತಿಗಳನ್ನು ಹೊಸದಾಗಿ ಮಾಡಲು ಕೂತೆ. ಈ ಸಲ ಯಾರೂ ಅವಸರಪಡಿಸಲಿಲ್ಲ. ಮೂರು ಸಲ ಶುದ್ಧ ಮಾಡಿದೆ. ಕೊನೆಗೆ ಬಂದ ಪುಡಿಯಲ್ಲಿ ಕಂದಿನ ಸುಳಿವೂ ಇರಲಿಲ್ಲ, ತಿಳಿ ಹಳದಿ. ಭೌತಶಾಸ್ತ್ರ ವಿಭಾಗದಲ್ಲಿ ಪರಿಚಯದ ಪೋಲಿಷ್ ಹುಡುಗಿಯೊಬ್ಬಳಿದ್ದಳು. ಅವಳ ಹತ್ತಿರವೂ ಅಳೆಯುವ ಯಂತ್ರವಿತ್ತು. ಒಂದು ಶುಕ್ರವಾರ ಇಬ್ಬರೂ ಕೂತು ಐದನ್ನೂ ಅಳೆದೆವು. ಮೂರು ಉಂಗುರದ್ದರಲ್ಲಿ ಒಂದಿಷ್ಟು ವಿದ್ಯುತ್. ನಾಲ್ಕರದ್ದರಲ್ಲಿ ಅದಕ್ಕಿಂತ ಕಡಿಮೆ. ಐದು, ಆರು ಎನ್ನುವಷ್ಟರಲ್ಲಿ ಇಳಿಯುತ್ತ ಹೋಗಿ, ಏಳರದ್ದರಲ್ಲಿ ಹರಿಯುತ್ತಿದೆಯೋ ಇಲ್ಲವೋ ಎನ್ನುವಷ್ಟು. ಪಠ್ಯಪುಸ್ತಕ ಹೇಳಿದ ಹಾಗೆಯೇ.

"ನಿಮ್ಮ ಲ್ಯಾಬಿನ ಲೇಖನ ಬೇರೆ ಹೇಳುತ್ತದಲ್ಲ?" ಎಂದಳು ಅವಳು.

ನನಗೆ ಆಗಲೇ ಹೊಳೆದಿತ್ತು. ಉಂಗುರಗಳನ್ನು ಬೆಸೆಯಲು ನಾವು ಬಳಸುವುದು ಪಲ್ಲೇಡಿಯಂ ಎಂಬ ಲೋಹ. ಕೆಲಸ ಮುಗಿದ ಮೇಲೆ ಅದನ್ನು ಪೂರ್ತಿ ತೆಗೆಯಬೇಕು. ಉಳಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಪುಡಿಯಲ್ಲಿ ಸೇರಿಕೊಳ್ಳುತ್ತದೆ, ಪುಡಿಗೆ ಕಂದು ಬಣ್ಣ ಕೊಡುತ್ತದೆ. ಲೋಹದಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ತಂತಿಯ ಉದ್ದ ಅದಕ್ಕೆ ಲೆಕ್ಕಕ್ಕಿಲ್ಲ. ಫ್ರಿಜ್ಜಿನಲ್ಲಿ ಹಳೆಯ ಶೀಸೆಗಳಿದ್ದವು, ತಳದಲ್ಲಿ ಸ್ವಲ್ಪ ಸ್ವಲ್ಪ ಉಳಿದಿತ್ತು. ಹಳೆಯದನ್ನೂ ಹೊಸದನ್ನೂ ಲೋಹಪರೀಕ್ಷೆಗೆ ಕಳಿಸಿದೆ. ವಾರದ ಮೇಲೆ ವರದಿ ಬಂತು. ಹೊಸದರಲ್ಲಿ ಪಲ್ಲೇಡಿಯಂ ಇಲ್ಲವೆನ್ನುವಷ್ಟು. ಹಳೆಯದರಲ್ಲಿ ಧಾರಾಳ.

ಅವನು ಅಳೆದದ್ದು ತಂತಿಯನ್ನಲ್ಲ, ನಾನು ತೊಳೆಯಬೇಕಿದ್ದ ಕೊಳೆಯನ್ನು.

ಆ ವರದಿ ಹಿಡಿದುಕೊಂಡು ಲ್ಯಾಬಿನ ಕಿಟಕಿಯ ಬಳಿ ನಿಂತಾಗ ಆದ ಆನಂದವನ್ನು ಬಚ್ಚಿಟ್ಟು ಬರೆದರೆ ಇದು ಸುಳ್ಳಾಗುತ್ತದೆ. ಮದುವೆಯ ದಿನ ಅಷ್ಟು ಖುಷಿಯಾಗಿರಲಿಲ್ಲ.

ಅವತ್ತು ಸಂಜೆಯೇ ಗಂಡನಿಗೆ ಹೇಳಿದೆ. ಅವನು ಚಪಾತಿ ಲಟ್ಟಿಸುತ್ತಿದ್ದ.

"ಹೇಳ್ಬಿಡು ಅವನಿಗೆ," ಎಂದ. "ಪಾಪ, ತಿದ್ಕೊಳ್ಲಿ."

"ಹೇಳ್ತೀನಿ."

"ಯಾವಾಗ?"

"ಹೇಳ್ಬೇಕಾದ ಕಡೆ ಹೇಳ್ತೀನಿ."

ಅವನು ಲಟ್ಟಣಿಗೆ ನಿಲ್ಲಿಸಿ ನನ್ನ ಮುಖ ನೋಡಿದ. ಮುಂದಿನ ಉಂಡೆಗೆ ಕೈ ಹಾಕಿದ.

ನಮ್ಮ ವಿಭಾಗದಲ್ಲೇ ಆಗ ಒಂದು ಅಧ್ಯಾಪಕ ಹುದ್ದೆ ಖಾಲಿಯಿತ್ತು. ಮೈಸೂರಿನವನ ಹೆಸರು ಅಂತಿಮ ಪಟ್ಟಿಯಲ್ಲಿತ್ತು. ಆಯ್ಕೆಗೆ ಮುಂಚೆ ಇಡೀ ವಿಭಾಗದೆದುರು ಒಂದು ಗಂಟೆ ತನ್ನ ಸಂಶೋಧನೆಯ ಬಗ್ಗೆ ಮಾತಾಡಬೇಕು. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅದಕ್ಕಿನ್ನೂ ಆರು ವಾರವಿತ್ತು. ಆ ಆರು ವಾರ ನಾನು ಅವನ ಎದುರು ಬೆಂಚಿನಲ್ಲೇ ಕೆಲಸ ಮಾಡಿದೆ. ಅವನು ಸ್ಲೈಡುಗಳನ್ನು ತಿದ್ದುವುದನ್ನು ನೋಡಿದೆ. "ಸಿಸ್ಟರ್, ಈ ಗ್ರಾಫಿಗೆ ಯಾವ ಬಣ್ಣ ಚೆನ್ನಾಗಿರತ್ತೆ?" ಎಂದು ಕೇಳಿದ, "ನೀಲಿ" ಎಂದೆ. ಸಿರಿಂಜುಗಳನ್ನು ಹೊರಗೆ ತೆಗೆದಿಟ್ಟೆ. ಒಣಗಿಸಿದ ದ್ರಾವಕ ಕೇಳಿದಷ್ಟು ಕೊಟ್ಟೆ. ನನ್ನ ಮುನಿಸು ಇಳಿಯಿತೆಂದು ಅವನು ಸಮಾಧಾನಪಟ್ಟುಕೊಂಡಿದ್ದು ಮುಖದಲ್ಲೇ ಕಾಣುತ್ತಿತ್ತು. ಪ್ರಶ್ನೆಯನ್ನು ಮಾತ್ರ ಬಸ್ಸಿನಲ್ಲಿ ಹೋಗುತ್ತ ಬರುತ್ತ ನೂರು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ ಎನ್ನುವವರೆಗೆ.

ಉಪನ್ಯಾಸದ ಹಿಂದಿನ ದಿನ ಅವನ ಹೆಂಡತಿ ಫೋನ್ ಮಾಡಿದಳು. ಅವಳ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

"ನಾಳೆ ಇವರ ಟಾಕ್ ಇದೆಯಲ್ಲ, ನೀವು ಇರ್ತೀರಾ ತಾನೇ? ತುಂಬಾ ಟೆನ್ಷನ್ ಮಾಡ್ಕೊಂಡಿದಾರೆ. ಪರಿಚಯದ ಮುಖ ಒಂದಿದ್ರೆ ಧೈರ್ಯ ಇರತ್ತೆ."

"ಇರ್ತೀನಿ," ಎಂದೆ. "ಮುಂದಿನ ಸಾಲಲ್ಲೇ ಕೂತ್ಕೋತೀನಿ."

ಕೂತೆ. ಅವನು ಚೆನ್ನಾಗಿ ಮಾತಾಡಿದ, ಅದನ್ನು ಒಪ್ಪಬೇಕು. ನೀಲಿ ಗ್ರಾಫು ಬಂದಾಗ ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಕೊನೆಯಲ್ಲಿ ಚಪ್ಪಾಳೆ. ಹಿರಿಯ ಪ್ರೊಫೆಸರುಗಳಿಬ್ಬರ ಪ್ರಶ್ನೆಗಳು ಮುಗಿದ ಮೇಲೆ ನಾನು ಕೈ ಎತ್ತಿದೆ.

"ಈ ಮಾದರಿಗಳಲ್ಲಿ ಪಲ್ಲೇಡಿಯಂ ಎಷ್ಟಿತ್ತೆಂದು ಅಳೆದಿದ್ದೀರಾ?"

ಅವನು ನಕ್ಕ. ಇಂಗ್ಲಿಷಿನಲ್ಲೇ ಉತ್ತರ ಹೇಳಿದ. "ಒಳ್ಳೆಯ ಪ್ರಶ್ನೆ. ಮಾದರಿಗಳು ಶುದ್ಧ ಸ್ಥಿತಿಯಲ್ಲೇ ನಮಗೆ ಬಂದವು. ಅದು ತಯಾರಿಸಿದವರ ಜವಾಬ್ದಾರಿ."

"ತಯಾರಿಸಿದವಳು ನಾನು. ಶುದ್ಧವಾಗಿಲ್ಲವೆಂದು ಹೇಳಿ ಕೊಟ್ಟಿದ್ದೆ. ಈಗ ಅಳೆದಿದ್ದೇನೆ. ಶುದ್ಧ ಮಾಡಿದ ಮೇಲೆ ಉದ್ದದ ತಂತಿಯಲ್ಲಿ ವಿದ್ಯುತ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ."

ವರದಿಯ ಪ್ರತಿಯನ್ನು ಆಯ್ಕೆ ಸಮಿತಿಯ ಅಧ್ಯಕ್ಷೆಯ ಕೈಗೆ ಕೊಟ್ಟು ಕೂತೆ. ಆಕೆ ಕನ್ನಡಕ ಹಾಕಿಕೊಂಡು ಓದತೊಡಗಿದರು. ಅವನು ಪರದೆಯ ಮೇಲಿನ ತನ್ನ ಗ್ರಾಫಿನ ಕಡೆ ತಿರುಗಿ, ಅದನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಕುತ್ತಿಗೆಯ ಹಿಂದೆ ಶರ್ಟಿನ ಕಾಲರ್ ಒದ್ದೆಯಾಗಿತ್ತು. ಅಷ್ಟು ಹತ್ತಿರ ಕೂತಿದ್ದರಿಂದ ನನಗೆ ಕಂಡಿತು.

ಹುದ್ದೆ ಬೇರೆಯವರಿಗೆ ಹೋಯಿತು. ಪ್ರೊಫೆಸರ್ ನನ್ನನ್ನು ಕರೆಸಿದರು. "ಮೊದಲು ನನ್ನ ಹತ್ತಿರ ಯಾಕೆ ಬರಲಿಲ್ಲ?" ಎಂದರು. ಸಿಟ್ಟಿನಿಂದಲ್ಲ, ದಣಿವಿನಿಂದ.

"ಒಂದು ಸಲ ಬಂದಿದ್ದೆ," ಎಂದೆ.

ಅವರು ಗಡ್ಡ ಸವರಿಕೊಂಡರು.

ಲೇಖನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದಕ್ಕೊಂದು ಪ್ರಕಟಣೆ ಬರೆಯಬೇಕು. ಕರಡನ್ನು ನನಗೆ ತೋರಿಸಿದರು. ಅದರ ಮೊದಲ ವಾಕ್ಯದಲ್ಲೇ ನನ್ನ ಹೆಸರಿತ್ತು: ಇಂಥವರು ಒದಗಿಸಿದ ಮಾದರಿಗಳಲ್ಲಿ ಕಲ್ಮಶವಿದ್ದುದರಿಂದ ಫಲಿತಾಂಶ ತಪ್ಪಾಗಿದೆ ಎಂದು. ಲೇಖನದಲ್ಲಿ ನನಗೆ ಜಾಗವಿರಲಿಲ್ಲ. ತಪ್ಪೊಪ್ಪಿಗೆಯಲ್ಲಿ ಮೊದಲ ಜಾಗ. ನೋಟ್‌ಬುಕ್ಕಿನ ಆ ಪುಟ ತೆರೆದು ಮೇಜಿನ ಮೇಲಿಟ್ಟೆ. ಪ್ರೊಫೆಸರೂ ನಾನೂ ಆ ಒಂದು ವಾಕ್ಯದ ಮೇಲೆ ಇಡೀ ಮಧ್ಯಾಹ್ನ ಕೂತೆವು. 'ಶುದ್ಧತೆಯ ಬಗ್ಗೆ ಮುನ್ನೆಚ್ಚರಿಕೆ ಕೊಡಲಾಗಿತ್ತು, ಅದನ್ನು ಲೇಖಕರು ಗಮನಿಸಲಿಲ್ಲ' ಎಂದು ಸೇರಿಸುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದಾಗ ಕಾಲು ಜೋಮು ಹಿಡಿದಿತ್ತು.

ಮೈಸೂರಿನವನು ಬೆಂಚು ಖಾಲಿ ಮಾಡಿದ ದಿನ ನಾನು ಅಲ್ಲೇ ಇದ್ದೆ. ಬೇಕೆಂದೇ ಇದ್ದೆ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತ, ತಲೆಯೆತ್ತದೆ ಕೇಳಿದ.

"ರಿಪೋರ್ಟ್ ಮೇಲಿನ ಡೇಟ್ ನೋಡ್ದೆ. ಟಾಕ್‌ಗೆ ಆರು ವಾರ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳಿದ್ರೆ ನಾನೇ ವಾಪಸ್ ತಗೋತಿದ್ದೆ. ನಾನು ಕಳ್ಳ ಅಲ್ಲ. ನಂಬಿದ್ದೆ, ಅಷ್ಟೇ. ನಿಜವಾಗ್ಲೂ ನಂಬಿದ್ದೆ ಆ ರಿಸಲ್ಟನ್ನ."

"ಇರಬಹುದು."

"ಮಗಳನ್ನ ಸ್ಕೂಲ್ ಬಿಡಿಸ್ಬೇಕೀಗ," ಎಂದ. ಬಸ್ಸಿನಲ್ಲಿ ಅಷ್ಟು ದಿನ ಅಭ್ಯಾಸ ಮಾಡಿದ ಯಾವ ವಾಕ್ಯದಲ್ಲೂ ಆ ಮಗು ಇರಲಿಲ್ಲ. ನಮ್ಮ ಮನೆಯ ಸೋಫಾದ ಕೆಳಗೆ ತೂರಿಕೊಂಡು ಬಣ್ಣದ ಪೆನ್ಸಿಲು ಹುಡುಕುತ್ತಿದ್ದ ಮಗು. ಅವನು ಪೆಟ್ಟಿಗೆ ಎತ್ತಿಕೊಂಡ. ಎರಡು ಕೈಗೂ ಭಾರವಿತ್ತು, ಬಾಗಿಲು ತಳ್ಳಲಾಗದೆ ನಿಂತ. ನಾನು ಹೋಗಿ ಬಾಗಿಲು ಹಿಡಿದೆ. "ಥ್ಯಾಂಕ್ಸ್" ಎಂದು ಹೊರಟುಹೋದ. 'ಸಿಸ್ಟರ್' ಎನ್ನಲಿಲ್ಲ.

ಅವನ ಹೆಂಡತಿ ಒಂದು ಶನಿವಾರ ಇಂಡಿಯನ್ ಅಂಗಡಿಯಲ್ಲಿ ಎದುರಾದಳು. ನನ್ನನ್ನು ನೋಡಿ, ತಳ್ಳುಗಾಡಿಗೆ ಅರ್ಧ ತುಂಬಿದ್ದ ಸಾಮಾನನ್ನು ಹಾಗೇ ಬಿಟ್ಟು ಬಾಗಿಲಿನ ಕಡೆ ನಡೆದಳು. ಅವಳ ಗಾಡಿಯಲ್ಲಿ ಉಳಿದಿದ್ದ ಕರಿಬೇವು, ಅವಲಕ್ಕಿಯನ್ನು ನೋಡುತ್ತ ನಿಂತೆ. ಅವಳು ಕೂಗಾಡಿದ್ದರೆ ವಾಸಿಯಿತ್ತು. ತಿಂಗಳೊಳಗೆ ಅವರು ಬೇರೆ ರಾಜ್ಯಕ್ಕೆ ಹೋದರೆಂದು ದೇವಸ್ಥಾನದಲ್ಲಿ ಯಾರೋ ಹೇಳಿದರು. ಹೇಳುವಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ ನಾವು ಅಲ್ಲಿಗೆ ಹೋಗುವುದು ಕಡಿಮೆಯಾಯಿತು.

ನನ್ನ ಪಿಎಚ್‌ಡಿ ಮುಗಿಯಿತು. ಉದ್ದದ ತಂತಿಯಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ಸಾಧಿಸಿದ ಪ್ರಬಂಧವನ್ನು ಯಾರೂ ಕೊಂಡಾಡಲಿಲ್ಲ; ಹರಿಯುವುದಿಲ್ಲ ಎನ್ನುವುದು ಸುದ್ದಿಯಲ್ಲ. ಪ್ರೊಫೆಸರ್ ಬರೆದ ಶಿಫಾರಸು ಪತ್ರ ಸರಿಯಾಗಿಯೇ ಇತ್ತು, ಬೆಚ್ಚಗಿರಲಿಲ್ಲ. ಎರಡು ಯೂನಿವರ್ಸಿಟಿಗಳು ಬೇಡವೆಂದವು. ಬಾಥೆಲ್‌ನಲ್ಲಿ ಔಷಧಿ ತಯಾರಿಸುವ ಕಂಪನಿಯೊಂದು ನನ್ನನ್ನು ತೆಗೆದುಕೊಂಡಿತು. ಔಷಧಿಯಲ್ಲಿ ಲೋಹ ಉಳಿದಿದೆಯೇ ಎಂದು ಪರೀಕ್ಷಿಸುವ ವಿಭಾಗ. ಇದನ್ನು ಕೇಳಿ ಗಂಡ ಬಹಳ ಹೊತ್ತು ನಕ್ಕ. ನನಗೂ ನಗು ತಡೆಯಲಾಗಲಿಲ್ಲ.

ನಾಲ್ಕು ವರ್ಷದ ಮೇಲೆ ಮೈಸೂರಿನವನಿಂದ ಒಂದು ಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಸಣ್ಣ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾನಂತೆ. ವಿದ್ಯಾರ್ಥಿಗಳಿಂದ ಚಿಕ್ಕ ತಂತಿಯೊಂದನ್ನು ಮಾಡಿಸಬೇಕು, ಪಲ್ಲೇಡಿಯಂ ಪೂರ್ತಿ ಹೋಗುತ್ತಿಲ್ಲ, ನೀವು ಹೇಗೆ ತೆಗೆದಿರಿ ದಯವಿಟ್ಟು ತಿಳಿಸಿ ಮೇಡಂ ಎಂದು ಬರೆದಿದ್ದ. ಹಳೆಯ ವಿಷಯ ಒಂದಕ್ಷರವೂ ಇರಲಿಲ್ಲ.

ಗಂಡನಿಗೆ ತೋರಿಸಿದೆ. ಓದಿ, "ಬರೀ ಪಾಪ. ಇಷ್ಟು ದಿನ ಆಯ್ತು, ಇನ್ನೂ ಕೋಪಾನಾ?" ಎಂದ.

"ಕೋಪ ಅಲ್ಲ."

"ಮತ್ತೇನು?"

ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಎರಡು ದಿನ ಬಿಟ್ಟು ಉತ್ತರ ಬರೆದೆ. ಮೊದಲು ವಿಧಾನವನ್ನೆಲ್ಲ ವಿವರವಾಗಿ ಬರೆದೆ: ಯಾವ ಇದ್ದಿಲು, ಎಷ್ಟು ಬಿಸಿ, ಎಷ್ಟು ಸಲ ಸೋಸಬೇಕು, ಕಂದು ಹೋಗಿದೆ ಅನಿಸಿದ ಮೇಲೂ ಯಾಕೆ ಇನ್ನೊಂದು ಸಲ ಸೋಸಬೇಕು. ಇಡೀ ಪುಟವಾಯಿತು. ಓದಿ ನೋಡಿ, ಅಷ್ಟನ್ನೂ ಅಳಿಸಿದೆ. 'ಎಲ್ಲವೂ ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿದೆ. ಲೈಬ್ರರಿಯಿಂದ ತರಿಸಿಕೊಳ್ಳಿ' ಎಂದಷ್ಟೇ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಕಳಿಸಿದೆ.

ಅವನು ತರಿಸಿಕೊಂಡನೋ ಇಲ್ಲವೋ ತಿಳಿಯದು. ತಿರುಗಿ ಬರೆಯಲಿಲ್ಲ. ಮಗಳು ಈಗ ಎಷ್ಟನೇ ಕ್ಲಾಸು ಎಂದು ಕೇಳುವ ಸಾಲೊಂದು ಬರೆಯಬಹುದಿತ್ತು ಎಂದು ಕಳಿಸಿದ ಮೇಲೆ ಅನಿಸಿತು. ಕೇಳಲಿಲ್ಲ.